ಅಪ್ಪನ ಹಾಲಿನ ಕಾರ್ಡಿನಿಂದ ನನಗೆ ಜಾವಾ ಅರ್ಥವಾಯಿತು

ಹೋದ ವಾರ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ನನ್ನ ಪರೀಕ್ಷೆಯ ಫಲಿತಾಂಶ ಬಂತು. 100ಕ್ಕೆ 68. ಎನ್‌ಪಿಟೆಲ್ ಪ್ರಮಾಣಪತ್ರದಲ್ಲಿ 60 ದಾಟಿದವರಿಗೆ ‘ಎಲೈಟ್’ ಅಂತ ಬರೆದು ಕೊಡುತ್ತಾರೆ. ನನ್ನದರಲ್ಲೂ ಇದೆ. ಅದನ್ನು ನೋಡುತ್ತಾ ಸುಮಾರು ಹೊತ್ತು ಕೂತಿದ್ದೆ.

ನಾನು ಬಿ.ಕಾಂ. ಓದಿದವಳು. ಪಿಯುಸಿವರೆಗೂ ಕನ್ನಡ ಮಾಧ್ಯಮ. ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಐದು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕಂಪ್ಯೂಟರ್ ಅಂದರೆ ನನಗೆ ಟ್ಯಾಲಿ ಮತ್ತು ಎಕ್ಸೆಲ್, ಅಷ್ಟೇ. ಪ್ರೋಗ್ರಾಮಿಂಗ್ ಕಲಿಯಬೇಕು ಅಂತ ಹೊರಟಾಗ ನನ್ನಂಥವರು ಬರೆದದ್ದು ಏನಾದರೂ ಸಿಗುತ್ತದಾ ಅಂತ ತುಂಬಾ ಹುಡುಕಿದೆ. ಸಿಗಲಿಲ್ಲ. ಈಗ ಹೊರಟಿರುವವರಿಗೆ ಉಪಯೋಗವಾಗಲಿ ಅಂತ ನನ್ನ ಐದಾರು ತಿಂಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಶುರುವಾಗಿದ್ದು ಯುಗಾದಿಗೆ ಮನೆಗೆ ಬಂದಿದ್ದ ಚಿಕ್ಕಪ್ಪನ ಮಗನಿಂದ. ಅವನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಕೆಲಸದಲ್ಲಿದ್ದಾನೆ. “ಅಕ್ಕ, ಲೆಕ್ಕ ಗೊತ್ತಿರೋರು ಸಾಫ್ಟ್‌ವೇರ್‌ಗೆ ಬಂದ್ರೆ ಒಳ್ಳೇದಾಗುತ್ತೆ. ಜಾವಾದಿಂದ ಶುರು ಮಾಡು” ಅಂದ. ನಾನು ಅವನ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಸರವೂ ಮಾಡಿದೆ. ಬೆಂಗಳೂರಿನ ಒಂದು ತರಬೇತಿ ಕೇಂದ್ರಕ್ಕೆ ಫೋನ್ ಮಾಡಿ 5,000 ರೂಪಾಯಿ ಅಡ್ವಾನ್ಸ್ ಕಳಿಸಿದೆ. ಭಾನುವಾರದ ಬ್ಯಾಚ್ ಅಂದಿದ್ದರು. ಮೊದಲು ಮುಂದಿನ ವಾರ ಅಂದರು. ಆಮೇಲೆ 15 ಜನ ಸೇರಲಿ ಅಂದರು. ಕೊನೆಗೆ ಆ ಬ್ಯಾಚ್ ಆನ್‌ಲೈನ್ ಆಗಿದೆ, ಇನ್ನೂ 12,000 ಕಟ್ಟಿ ಅಂದರು. ಅಡ್ವಾನ್ಸ್ ವಾಪಸ್ ಕೇಳಿದರೆ ರಸೀದಿಯ ಹಿಂಭಾಗ ನೋಡಿ ಅಂತ ಉತ್ತರ. ಅಲ್ಲಿ ಸಣ್ಣ ಅಕ್ಷರದಲ್ಲಿ ಹಣ ಹಿಂತಿರುಗಿಸುವುದಿಲ್ಲ ಅಂತ ಇತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ಅದು ನನ್ನ ಅರ್ಧ ತಿಂಗಳ ದುಡಿಮೆ. ದಯವಿಟ್ಟು ಯಾರೂ ಒಂದು ಕ್ಲಾಸಾದರೂ ಕೂತು ನೋಡದೆ ದುಡ್ಡು ಕಟ್ಟಬೇಡಿ.

ಆಮೇಲೆ ಆ ಚಿಕ್ಕಪ್ಪನ ಮಗ ತಮ್ಮನೇ ಎನ್‌ಪಿಟೆಲ್ ತೋರಿಸಿದ. ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಕೋರ್ಸ್‌ಗಳು ಅಲ್ಲಿವೆ. ಐಐಟಿ ಖರಗ್‌ಪುರದ ‘ಪ್ರೋಗ್ರಾಮಿಂಗ್ ಇನ್ ಜಾವಾ’ 12 ವಾರದ್ದು. ಸೇರುವುದಕ್ಕೆ, ಪಾಠ ನೋಡುವುದಕ್ಕೆ ದುಡ್ಡಿಲ್ಲ. ಪ್ರಮಾಣಪತ್ರ ಬೇಕು ಅನ್ನುವವರು ಮಾತ್ರ ಪರೀಕ್ಷೆಗೆ 1,000 ರೂಪಾಯಿ ಕಟ್ಟಬೇಕು. ಜುಲೈಗೊಂದು ಸರದಿ, ಜನವರಿಗೊಂದು ಸರದಿ. ನಾನು ಜುಲೈಗೆ ಸೇರಿದೆ.

ಮೊಬೈಲ್‌ನಲ್ಲೇ ಕಲಿಯಬಹುದು ಅಂದುಕೊಂಡಿದ್ದೆ. ಪಾಠ ನೋಡಬಹುದು, ಆದರೆ ಬ್ರಾಕೆಟ್, ಸೆಮಿಕೋಲನ್ ಎಲ್ಲ ಫೋನಿನಲ್ಲಿ ಒತ್ತುತ್ತಾ ಕೂತರೆ ತಲೆಯಲ್ಲಿದ್ದ ಯೋಚನೆಯೇ ಹಾರಿಹೋಗುತ್ತದೆ. ತಮ್ಮನ ಜೊತೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 16,500ಕ್ಕೆ ಒಂದು ಹಳೇ ಲ್ಯಾಪ್‌ಟಾಪ್ ತಂದೆ. 8 ಜಿಬಿ ರ‍್ಯಾಮ್ ಇರೋದನ್ನೇ ತಗೊಳ್ಳಿ. ಅಂಗಡಿಯಲ್ಲೇ ಅರ್ಧ ಗಂಟೆ ಚಾರ್ಜರ್ ತೆಗೆದು ಓಡಿಸಿ ಬ್ಯಾಟರಿ ನೋಡಿ. ನಮ್ಮ ಕಡೆ ಸಂಜೆ ಕರೆಂಟ್ ಹೋಗುವುದು ಜಾಸ್ತಿ, ಬ್ಯಾಟರಿ ಇಲ್ಲದಿದ್ದರೆ ಓದು ಅಲ್ಲಿಗೆ ನಿಂತುಹೋಗುತ್ತದೆ.

ಮೊದಲ ಮೂರು ಸಂಜೆ ಬರೀ ಜಾವಾ ಹಾಕಿಕೊಳ್ಳುವುದರಲ್ಲೇ ಹೋದವು. ಜೆಆರ್‌ಇ, ಜೆಡಿಕೆ ಅಂತ ಎರಡು ಹೆಸರು ಕಂಡವು. ಪ್ರೋಗ್ರಾಂ ಓಡಿಸುವುದಕ್ಕೆ ಮಾತ್ರ ಜೆಆರ್‌ಇ, ಬರೆಯುವವರಿಗೆ ಜೆಡಿಕೆ. ನಮಗೆ ಬೇಕಾದ್ದು ಜೆಡಿಕೆ. ಒರಾಕಲ್‌ನದ್ದೇ ಆಗಬೇಕು ಅಂತಿಲ್ಲ, ಎಕ್ಲಿಪ್ಸ್ ಟೆಮುರಿನ್ ಅನ್ನುವುದು ಉಚಿತ, ನಾನು ಅದನ್ನೇ ಹಾಕಿದೆ. ಆವೃತ್ತಿ ಯಾವುದು ಅನ್ನುವ ಗೊಂದಲ ನಿಮಗೂ ಬರುತ್ತದೆ. 17, 21, 25 ಇವು ವರ್ಷಗಟ್ಟಲೆ ಬೆಂಬಲ ಇರುವಂಥವು. ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ.

ಹಾಕಿದ ಮೇಲೆ ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಪರದೆಯಲ್ಲಿ, ಬರೆದ ಪ್ರೋಗ್ರಾಂ ಅನ್ನು ಓಡುವ ರೂಪಕ್ಕೆ ತರುವ ‘ಜಾವಾಸಿ’ ಆಜ್ಞೆಯನ್ನು ಟೈಪ್ ಮಾಡಿದರೆ ಅಂಥ ಆಜ್ಞೆಯೇ ಇಲ್ಲ ಅಂದಿತು. ವಿಂಡೋಸ್ ಆಜ್ಞೆಗಳನ್ನು ಎಲ್ಲಿ ಹುಡುಕಬೇಕು ಅಂತ ಬರೆದಿಡುವ ಪಾತ್ ಅನ್ನುವ ಜಾಗದಲ್ಲಿ ಜೆಡಿಕೆಯ ಬಿನ್ ಫೋಲ್ಡರ್ ಸೇರಿಸಬೇಕಿತ್ತು. ಸೇರಿಸಿದೆ. ಆಗಲೂ ಅದೇ ಮಾತು. ಸೇರಿಸಿದ ಮೇಲೆ ಆ ಕಪ್ಪು ಪರದೆಯನ್ನು ಮುಚ್ಚಿ ಹೊಸದಾಗಿ ತೆರೆಯಬೇಕು ಅನ್ನುವುದು ಯಾರೂ ಹೇಳಿರಲಿಲ್ಲ. ಅದಾದ ಮೇಲೆ ಫೈಲೇ ಸಿಗುತ್ತಿಲ್ಲ ಅಂದಿತು. ನೋಟ್‌ಪ್ಯಾಡ್‌ನಲ್ಲಿ ‘ನಮಸ್ಕಾರ.ಜಾವಾ’ ಅಂತ ಉಳಿಸಿದ್ದೆ. ನನ್ನ ಕಣ್ಣಿಗೆ ಸರಿಯಾಗಿಯೇ ಕಾಣುತ್ತಿತ್ತು. ವಿಂಡೋಸ್ ಹಿಂದುಗಡೆ ‘.ಟಿಎಕ್ಸ್‌ಟಿ’ ಸೇರಿಸಿ ಅದನ್ನು ಕಾಣದ ಹಾಗೆ ಮುಚ್ಚಿಟ್ಟಿತ್ತು. ಫೋಲ್ಡರ್‌ನ ‘ವ್ಯೂ’ ಒಳಗೆ ಹೋಗಿ ಫೈಲ್ ಎಕ್ಸ್‌ಟೆನ್ಶನ್ ಕಾಣುವ ಹಾಗೆ ಮಾಡಿಕೊಳ್ಳಿ, ಮೊದಲ ದಿನವೇ ಮಾಡಿಕೊಳ್ಳಿ. ಇನ್ನೊಂದು, ಪ್ರೋಗ್ರಾಂನಲ್ಲಿ ‘ಪಬ್ಲಿಕ್ ಕ್ಲಾಸ್’ ಅಂತ ಬರೆದ ಮೇಲೆ ಇಡುವ ಹೆಸರು ಮತ್ತು ಫೈಲಿನ ಹೆಸರು ಒಂದೇ ಇರಬೇಕು. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರ ಕೂಡ ಹಾಗ್ಹಾಗೇ ಇರಬೇಕು.

ಮೂರನೇ ರಾತ್ರಿ 11ಕ್ಕೆ ಪರದೆಯ ಮೇಲೆ ಒಂದು ಸಾಲು ಮೂಡಿತು. ಅಮ್ಮನನ್ನು ಎಬ್ಬಿಸಿ ತೋರಿಸಿದೆ. “ಇಷ್ಟಕ್ಕಾ ಮೂರು ದಿನ?” ಅಂದಳು, ಆದರೆ ನಗುತ್ತಿದ್ದಳು.

ಮೊದಲ ವಾರಗಳಲ್ಲಿ ನನ್ನನ್ನು ಜಾಸ್ತಿ ಹೆದರಿಸಿದ್ದು ‘ಪಬ್ಲಿಕ್ ಸ್ಟ್ಯಾಟಿಕ್ ವಾಯ್ಡ್ ಮೇನ್’ ಅನ್ನುವ ಸಾಲು. ಒಂದೊಂದು ಪದದ ಅರ್ಥ ಹುಡುಕುತ್ತಾ ಹೋದರೆ ಕ್ಲಾಸ್, ಆಬ್ಜೆಕ್ಟ್ ಎಲ್ಲ ಗೊತ್ತಿರಬೇಕು. ಅವು ಗೊತ್ತಾಗಬೇಕಾದರೆ ಈ ಸಾಲಿನಿಂದ ಶುರು ಮಾಡಬೇಕು. ನಾನು ಇದರಲ್ಲೇ ಒಂದು ವಾರ ಸಿಕ್ಕಿಹಾಕಿಕೊಂಡೆ. ನಿಮಗೆ ಹೇಳುವುದು ಇಷ್ಟೇ: ಅದನ್ನು ಸದ್ಯಕ್ಕೆ ಸುಮ್ನೆ ಬರೆಯಿರಿ. ಪ್ರೋಗ್ರಾಂ ಅಲ್ಲಿಂದ ಶುರುವಾಗುತ್ತದೆ ಅಂತ ತಿಳಿದರೆ ಸಾಕು. ಆರನೇ ವಾರದ ಹೊತ್ತಿಗೆ ಅದು ತಾನಾಗಿ ಅರ್ಥವಾಗುತ್ತದೆ. ಜಾವಾ 25ರಲ್ಲಿ ಸಣ್ಣ ಪ್ರೋಗ್ರಾಂಗಳಿಗೆ ಈ ಉದ್ದ ಸಾಲು ಇಲ್ಲದೆಯೂ ನಡೆಯುತ್ತದೆ, ಆದರೆ ಪುಸ್ತಕ, ಪಾಠ, ಪರೀಕ್ಷೆಗಳಲ್ಲಿ ಹಳೆಯ ರೂಪವನ್ನೇ ಕಾಣುತ್ತೀರಿ.

ಲೆಕ್ಕ ಬರೆಯುವವಳಾದ ನನಗೆ ಎರಡು ಕಡೆ ಆಘಾತವಾಯಿತು. ಬೆಳಿಗ್ಗೆ 4 ಲೀಟರ್, ಸಂಜೆ 5 ಲೀಟರ್ ಹಾಲು, ಸರಾಸರಿ ಎಷ್ಟು ಅಂತ ಕೇಳಿದೆ. ಜಾವಾ 4 ಅಂದಿತು. ಎರಡು ಪೂರ್ಣಾಂಕಗಳನ್ನು ಭಾಗಿಸಿದರೆ ಅದು ದಶಾಂಶವನ್ನು ಕತ್ತರಿಸಿಬಿಡುತ್ತದೆ. 2 ಅನ್ನುವ ಜಾಗದಲ್ಲಿ 2.0 ಅಂತ ಬರೆದರೆ 4.5 ಬರುತ್ತದೆ. ಇನ್ನೊಂದು ದುಡ್ಡಿನ ಲೆಕ್ಕ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಅಂತ ಬಂತು. 10 ಪೈಸೆಗೆ 20 ಪೈಸೆ ಸೇರಿಸಿದರೆ 30 ಪೈಸೆ ಅಲ್ವಾ? ಕಂಪ್ಯೂಟರ್ ಒಳಗೆ ಸಂಖ್ಯೆಗಳನ್ನು 0 ಮತ್ತು 1ರಲ್ಲಿ ಇಡುತ್ತದೆ, 0.1ನ್ನು ಹಾಗೆ ಪೂರ್ತಿ ಬರೆಯುವುದಕ್ಕೆ ಆಗುವುದಿಲ್ಲ. ನಾವು 1ನ್ನು 3ರಿಂದ ಭಾಗಿಸಿದರೆ 0.333 ಅಂತ ಮುಗಿಯುವುದೇ ಇಲ್ಲವಲ್ಲ, ಹಾಗೆ. ಆದ್ದರಿಂದ ದುಡ್ಡಿನ ಲೆಕ್ಕವನ್ನು ಜಾವಾದಲ್ಲಿ ದಶಾಂಶ ಸಂಖ್ಯೆ ಇಡುವ ಡಬಲ್‌ನಲ್ಲಿ ಇಡಬೇಡಿ. ಪೈಸೆಗೆ ಬದಲಾಯಿಸಿ ಪೂರ್ಣಾಂಕದಲ್ಲಿ ಇಡಿ, ಇಲ್ಲವೇ ದಶಾಂಶವನ್ನು ಇದ್ದ ಹಾಗೇ ಇಡುವ ಬಿಗ್‌ಡೆಸಿಮಲ್ ಬಳಸಿ.

ಆಮೇಲೆ ಬಂತು ಕ್ಲಾಸ್ ಮತ್ತು ಆಬ್ಜೆಕ್ಟ್. ನಾನು ಕೋರ್ಸ್ ಬಿಟ್ಟುಬಿಡುವ ಹಂತಕ್ಕೆ ಹೋಗಿದ್ದು ಇಲ್ಲೇ.

ಎಲ್ಲಿ ನೋಡಿದರೂ ಕಾರು, ನಾಯಿ, ಬೆಕ್ಕು. ಕಾರು ಅನ್ನುವುದು ಕ್ಲಾಸ್, ಕೆಂಪು ಕಾರು ಅನ್ನುವುದು ಆಬ್ಜೆಕ್ಟ್. ಓದಿದಾಗ ಸರಿ ಅನ್ನಿಸುತ್ತದೆ. ಬರೆಯಲು ಕೂತರೆ ಕೈ ಓಡುವುದಿಲ್ಲ. ಆ ಕಾರನ್ನು ಇಟ್ಟುಕೊಂಡು ನಾನೇನು ಮಾಡಲಿ? ಎರಡು ವಾರದ ಅಸೈನ್‌ಮೆಂಟ್‌ಗಳಲ್ಲಿ ಅರ್ಧಕ್ಕರ್ಧ ಅಂಕ ಹೋಯಿತು. ಮಂಡಿಯಲ್ಲಿ ಕೊಬ್ಬರಿ ಹರಾಜಿನ ದಿನಗಳು ಬೇರೆ, ಮನೆಗೆ ಬರುವುದು ರಾತ್ರಿ 8 ಆಗುತ್ತಿತ್ತು. ಇದು ನನಗಲ್ಲ ಅಂತ ಒಂದು ದಿನ ಲ್ಯಾಪ್‌ಟಾಪ್ ಮುಚ್ಚಿ ಅಟ್ಟದ ಮೇಲೆ ಇಟ್ಟೆ.

ಮರುದಿನ ಬೆಳಿಗ್ಗೆ ಅಪ್ಪನಿಗೆ ಜ್ವರ. ಡೇರಿಗೆ ಹಾಲು ಹಾಕಲು ನಾನು ಹೋದೆ. ಕ್ಯಾನು ಕೊಟ್ಟು, ಅಪ್ಪನ ಕಾರ್ಡು ಮುಂದೆ ಇಟ್ಟೆ. ಮೇಲ್ಗಡೆ ಸದಸ್ಯರ ಸಂಖ್ಯೆ, ಹೆಸರು. ಕೆಳಗೆ ತಾರೀಖು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ದರ, ಮೊತ್ತ. ಸೆಕ್ರೆಟರಿ ಮೇಜಿನ ಮೇಲೆ ಒಂದು ಕಟ್ಟು ಖಾಲಿ ಕಾರ್ಡುಗಳು ಇದ್ದವು, ಅಚ್ಚಾಗಿ ಬಂದಂಥವು. ಹೊಸದಾಗಿ ಸೇರಿದ ಒಬ್ಬರಿಗೆ ಒಂದು ತೆಗೆದು, ಸಂಖ್ಯೆ ಮತ್ತು ಹೆಸರು ಬರೆದು ಕೊಟ್ಟರು.

ನಾನು ಅಲ್ಲೇ ನಿಂತುಬಿಟ್ಟೆ. ಖಾಲಿ ಕಾರ್ಡಿನ ಅಚ್ಚು ಕ್ಲಾಸ್. ಹೆಸರು ಬರೆದು ಕೈಗೆ ಕೊಟ್ಟದ್ದು ಆಬ್ಜೆಕ್ಟ್. ಕೊಡುವಾಗ ಸಂಖ್ಯೆ, ಹೆಸರು ಬರೆಯಲೇಬೇಕಲ್ಲ, ಅದು ಕನ್‌ಸ್ಟ್ರಕ್ಟರ್. ಅಪ್ಪನ ಕಾರ್ಡಿನ ಲೀಟರ್ ಬೇರೆ, ಪಕ್ಕದ ಮನೆಯವರ ಲೀಟರ್ ಬೇರೆ, ಆದರೆ ಎರಡರಲ್ಲೂ ಅದೇ ಕಾಲಂಗಳು. ಕಾರ್ಡು ನನ್ನ ಕೈಯಲ್ಲೇ ಇದ್ದರೂ ನಾನು ಪೆನ್ನು ತೆಗೆದು ಫ್ಯಾಟ್ 4.8 ಅಂತ ಬರೆದುಕೊಳ್ಳುವ ಹಾಗಿಲ್ಲ. ಹಾಲು ಕೊಟ್ಟರೆ, ಪರೀಕ್ಷೆ ಮಾಡಿ ಸೆಕ್ರೆಟರಿಯೇ ಬರೆಯಬೇಕು. ಪ್ರೈವೇಟ್ ಅಂದರೆ ಅದೇ. ಒಳಗಿನ ಅಂಕಿಯನ್ನು ಹೊರಗಿನವರು ನೇರ ಮುಟ್ಟಬಾರದು, ಮೆಥಡ್, ಅಂದರೆ ಕ್ಲಾಸ್ ಒಳಗೆ ಬರೆದಿಟ್ಟ ಕೆಲಸದ ಮೂಲಕವೇ ಬರಬೇಕು. ಗೋಡೆಯ ಬೋರ್ಡಿನಲ್ಲಿ ಆ ದಿನಗಳ ದರ ಬರೆದಿತ್ತು. ಅದು ಯಾರ ಕಾರ್ಡಿಗೂ ಸೇರಿದ್ದಲ್ಲ, ಇಡೀ ಡೇರಿಗೆ ಒಂದೇ. ಬೋರ್ಡಿನಲ್ಲಿ ಬದಲಾಯಿಸಿದರೆ ಎಲ್ಲರಿಗೂ ಬದಲಾದ ಹಾಗೆ. ಇಷ್ಟು ದಿನ ಕಾಡಿದ ಸ್ಟ್ಯಾಟಿಕ್ ಅಲ್ಲಿ ಸೀಮೆಸುಣ್ಣದಲ್ಲಿ ಬರೆದಿತ್ತು.

“ಏನಮ್ಮಾ, ಲೆಕ್ಕ ತಪ್ಪಿದೆಯಾ?” ಅಂತ ಸೆಕ್ರೆಟರಿ ಕೇಳಿದರು. ಇಲ್ಲ ಸಾರ್, ಸರಿಯಾಗಿದೆ ಅಂದೆ. ಮನೆಗೆ ಬಂದವಳೇ ಅಟ್ಟ ಹತ್ತಿದೆ. ಆವತ್ತು ಮಂಡಿಗೆ ಅರ್ಧ ಗಂಟೆ ತಡವಾಗಿ ಹೋದೆ.

ಅವತ್ತಿನಿಂದ ಕೋರ್ಸಿನ ಪ್ರತಿ ಪಾಠವನ್ನೂ ಹಾಲಿನ ಕಾರ್ಡಿಗೆ ತಂದು ನೋಡುತ್ತಿದ್ದೆ. ಒಂದು ಆಬ್ಜೆಕ್ಟನ್ನು ಇನ್ನೊಂದು ಹೆಸರಿಗೆ ಕೊಟ್ಟರೆ ನಕಲು ಆಗುವುದಿಲ್ಲ ಅನ್ನುವುದು ಎಷ್ಟೋ ಜನಕ್ಕೆ ತೊಡಕು. ಊರಲ್ಲಿ ಅಪ್ಪನಿಗೆ ಒಂದು ಹೆಸರು, ಮನೆಯಲ್ಲಿ ಇನ್ನೊಂದು. ಯಾವ ಹೆಸರಲ್ಲಿ ಕರೆದು ಹಾಲು ಬರೆದರೂ ಬೀಳುವುದು ಅದೇ ಕಾರ್ಡಿಗೆ. ಇನ್ನು == ಮತ್ತು ಈಕ್ವಲ್ಸ್ ವ್ಯತ್ಯಾಸ. ಎರಡು ಕಾರ್ಡಿನಲ್ಲಿ ಒಂದೇ ಬರಹ ಇದ್ದ ಮಾತ್ರಕ್ಕೆ ಅವು ಒಂದೇ ಕಾರ್ಡಲ್ಲ. == ಕೇಳುವುದು ‘ಇದು ಅದೇ ಕಾರ್ಡಾ?’ ಅಂತ. ಸ್ಟ್ರಿಂಗ್‌ಗಳಲ್ಲಿ, ಅಂದರೆ ಅಕ್ಷರಗಳ ಸಾಲುಗಳಲ್ಲಿ, ಈಕ್ವಲ್ಸ್ ಕೇಳುವುದು ‘ಬರಹ ಒಂದೇನಾ?’ ಅಂತ. ಪ್ರೋಗ್ರಾಂ ಒಳಗೆ ನಾವೇ ಬರೆದ ಎರಡು ಸ್ಟ್ರಿಂಗ್‌ಗಳನ್ನು == ಇಂದ ಹೋಲಿಸಿದರೆ ಸರಿ ಅನ್ನುತ್ತದೆ, ಏಕೆಂದರೆ ಒಂದೇ ಬರಹವನ್ನು ಜಾವಾ ಒಂದೇ ಕಡೆ ಇಟ್ಟಿರುತ್ತದೆ. ಅದನ್ನೇ ಕೀಬೋರ್ಡಿನಿಂದ ಓದಿಸಿ ನೋಡಿ, ಇಲ್ಲ ಅನ್ನುತ್ತದೆ. ನಾನು ಒಂದು ಅಸೈನ್‌ಮೆಂಟ್ ಕಳೆದುಕೊಂಡದ್ದು ಇದರಿಂದಲೇ. ಪದಗಳನ್ನು ಹೋಲಿಸುವಾಗ ಯಾವಾಗಲೂ ಈಕ್ವಲ್ಸ್ ಬಳಸಿ.

ನಲ್ ಪಾಯಿಂಟರ್ ಎಕ್ಸೆಪ್ಶನ್ ಬಂದರೆ ಗಾಬರಿ ಬೇಡ. ಹೆಸರಿದೆ, ಅದರ ಹಿಂದೆ ಕಾರ್ಡೇ ಇಲ್ಲ ಅಂತ ಅರ್ಥ. ಹೊಸ ಆವೃತ್ತಿಗಳಲ್ಲಿ ಯಾವುದು ಖಾಲಿ ಅಂತಲೂ ಆ ಸಂದೇಶವೇ ಹೇಳುತ್ತದೆ. ಸಂದೇಶವನ್ನು ಪೂರ್ತಿ ಓದುವ ಅಭ್ಯಾಸ ಬರುವವರೆಗೆ ನಾನು ಪ್ರತಿ ತಪ್ಪಿಗೂ ತಮ್ಮನಿಗೆ ಫೋನ್ ಮಾಡುತ್ತಿದ್ದೆ. ಅವನು ಒಂದೇ ಮಾತು ಕೇಳುತ್ತಿದ್ದ: “ಅಕ್ಕ, ಎಷ್ಟನೇ ಸಾಲು ಅಂತ ಬರೆದಿದೆ ನೋಡು.”

ಕನ್ನಡದ ಬಗ್ಗೆ ಒಂದು ವಿಷಯ. ಜಾವಾ ಶುರುವಿನಿಂದಲೂ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಬಲ್ಲದು. ವೇರಿಯಬಲ್‌ಗೆ, ಅಂದರೆ ಅಂಕಿ, ಪದ ಇಡುವ ಜಾಗಕ್ಕೆ, ‘ಹಾಲು’ ಅಂತಲೇ ಹೆಸರಿಡಬಹುದು. ನಾನು ಮೊದಲು ಎಲ್ಲ ಹೆಸರನ್ನೂ ಕನ್ನಡದಲ್ಲಿಟ್ಟು ಬರೆದೆ, ಅರ್ಥವಾಗಲು ಅದು ತುಂಬಾ ಸಹಾಯ ಮಾಡಿತು. ಪರೀಕ್ಷೆಗೆ, ಕೆಲಸಕ್ಕೆ ಇಂಗ್ಲಿಷ್ ಹೆಸರುಗಳೇ ಬೇಕಾದ್ದರಿಂದ ಆಮೇಲೆ ಬದಲಾಯಿಸಿಕೊಂಡೆ. ಕಪ್ಪು ಪರದೆಯಲ್ಲಿ ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳು ಬಂದರೆ ನಿಮ್ಮ ಪ್ರೋಗ್ರಾಂ ತಪ್ಪು ಅಂದುಕೊಳ್ಳಬೇಡಿ. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ, ಪ್ರೋಗ್ರಾಂ ಬರೆಯುವ ತಂತ್ರಾಂಶಗಳಾದ ಇಂಟೆಲಿಜೆ ಅಥವಾ ವಿಎಸ್ ಕೋಡ್‌ನಲ್ಲಿ ಓಡಿಸಿ ನೋಡಿ. ‘ಕನ್ನಡ’ ಅನ್ನುವ ಪದದ ಉದ್ದ ಎಷ್ಟು ಅಂತ ಕೇಳಿದರೆ ಜಾವಾ 5 ಅನ್ನುತ್ತದೆ. ನಾವು ಎಣಿಸುವುದು ಮೂರಕ್ಷರ. ಅದು ಒತ್ತಕ್ಷರವನ್ನು ನ, ಅರ್ಧಚಿಹ್ನೆ, ನ ಅಂತ ಬಿಡಿಸಿ ಎಣಿಸುತ್ತದೆ. ಇದನ್ನು ಕಂಡ ದಿನ ನನಗೆ ತುಂಬಾ ಖುಷಿಯಾಯಿತು. ಶಾಲೆಯಲ್ಲಿ ಸಂಯುಕ್ತಾಕ್ಷರ ಬಿಡಿಸಿ ಬರೆಸುತ್ತಿದ್ದ ಮೇಷ್ಟ್ರು ನೆನಪಾದರು.

ಅಸೈನ್‌ಮೆಂಟ್ ಬಗ್ಗೆ ಸ್ವಲ್ಪ ಗಮನ ಕೊಡಿ. 12ರಲ್ಲಿ ಚೆನ್ನಾಗಿ ಬಂದ 8ನ್ನು ಮಾತ್ರ ತಗೊಂಡು 25 ಅಂಕಕ್ಕೆ ಇಳಿಸುತ್ತಾರೆ. ಪರೀಕ್ಷೆ 75ಕ್ಕೆ. ಪಾಸಾಗಲು 25ಕ್ಕೆ 10, 75ಕ್ಕೆ 30, ಎರಡೂ ಬೇಕು. ನನಗೆ ಅಸೈನ್‌ಮೆಂಟ್‌ನಲ್ಲಿ 21, ಪರೀಕ್ಷೆಯಲ್ಲಿ 47 ಬಂತು. ಎರಡು ವಾರ ಕೆಟ್ಟರೂ ಲೆಕ್ಕಕ್ಕೆ ಬರಲಿಲ್ಲ, ಅದೇ ಉಳಿಸಿತು. ಪ್ರೋಗ್ರಾಂ ಬರೆಯುವ ಪ್ರಶ್ನೆಗಳಲ್ಲಿ ಡ್ರಾಫ್ಟ್ ಆಗಿ ಉಳಿಸುವುದು ಬೇರೆ, ಸಬ್ಮಿಟ್ ಮಾಡುವುದು ಬೇರೆ. ಉತ್ತರ ಸರಿಯಿದೆ ಅಂತ ಕಂಡ ಮೇಲೂ ಸಬ್ಮಿಟ್ ಒತ್ತಿ. ನಮಗೆ ಕಾಣುವ ಟೆಸ್ಟ್ ಕೇಸ್‌ಗಳ ಜೊತೆಗೆ ಕಾಣದವೂ ಇರುತ್ತವೆ, ಆದ್ದರಿಂದ ಸೊನ್ನೆ ಕೊಟ್ಟು, ಮೈನಸ್ ಸಂಖ್ಯೆ ಕೊಟ್ಟು ನೀವೇ ಪರೀಕ್ಷಿಸಿ ನೋಡಿ. ಸ್ಕ್ಯಾನರ್‌ನಲ್ಲಿ, ಅಂದರೆ ಕೀಬೋರ್ಡಿನಿಂದ ಓದುವ ಜಾವಾದ ಕ್ಲಾಸಿನಲ್ಲಿ, ಮೊದಲು ಸಂಖ್ಯೆ ಓದಿಸಿ ಆಮೇಲೆ ಒಂದು ಸಾಲು ಓದಿಸಿದರೆ ಖಾಲಿ ಸಾಲು ಬರುತ್ತದೆ. ಸಂಖ್ಯೆಯ ಹಿಂದೆ ಒತ್ತಿದ ಎಂಟರ್ ಅಲ್ಲೇ ಉಳಿದಿರುತ್ತದೆ. ನಡುವೆ ಸಾಲು ಓದಿಸುವ ಇನ್ನೊಂದು ನೆಕ್ಸ್ಟ್‌ಲೈನ್ ಸೇರಿಸಿ.

ದಾಖಲೆಯ ತೊಂದರೆ ನನಗೆ ಎಣಿಕೆಯಲ್ಲೇ ಇರಲಿಲ್ಲ. ಪರೀಕ್ಷೆಯ ಅರ್ಜಿಯಲ್ಲಿ ನಾವು ಬರೆದ ಹೆಸರೇ ಪ್ರಮಾಣಪತ್ರದ ಮೇಲೆ ಬರುವುದು. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಅದೂ ಒಂದಕ್ಷರ ತಪ್ಪು. ನಾಳೆ ಕೆಲಸಕ್ಕೆ ಹೋದಾಗ ಯಾವುದನ್ನು ತೋರಿಸಲಿ ಅಂತ ಚಿಂತೆಯಾಯಿತು. ಅಂಕಪಟ್ಟಿ ತಗೊಂಡು ಆಧಾರ್ ಕೇಂದ್ರಕ್ಕೆ ಎರಡು ಸಲ ಹೋದೆ. ಮೊದಲ ದಿನ ಸರ್ವರ್ ಇಲ್ಲ, ಎರಡನೇ ದಿನ ಟೋಕನ್ 34. ತಿದ್ದುಪಡಿಯಾಗಿ ಬರಲು ಮೂರು ವಾರ. ಆಧಾರ್‌ನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಸಲ ಮಾತ್ರ ಬದಲಾಯಿಸಬಹುದು, ಹಾಗಾಗಿ ಅಲ್ಲಿನವರು ಟೈಪ್ ಮಾಡಿದ್ದನ್ನು ಪರದೆಯಲ್ಲಿ ಅಕ್ಷರ ಅಕ್ಷರ ಓದಿ ಒಪ್ಪಿ. ಕೋರ್ಸಿಗೆ ಸೇರಿದ ವಾರವೇ ಇದನ್ನು ಮುಗಿಸಿಕೊಂಡರೆ ಪರೀಕ್ಷೆಯ ಹೊತ್ತಿಗೆ ಓಡಾಟ ಇರುವುದಿಲ್ಲ.

ಪರೀಕ್ಷೆಯ ಊರಾಗಿ ಬೆಂಗಳೂರು ಆರಿಸಿದ್ದೆ. ಹಿಂದಿನ ಸಂಜೆ ರೈಲಿನಲ್ಲಿ ಹೋಗಿ ಚಿಕ್ಕಪ್ಪನ ಮನೆಯಲ್ಲಿ ಉಳಿದೆ. ಬೆಳಿಗ್ಗೆ 9ರಿಂದ 12. ಹಾಲ್ ಟಿಕೆಟ್ ಪ್ರಿಂಟ್, ಜೊತೆಗೆ ಗುರುತಿನ ಚೀಟಿಯ ಅಸಲು ಪ್ರತಿ ಬೇಕು. ಹೊರಡುವ ಮುಂಚೆ ಚೀಲ ಮೂರು ಸಲ ನೋಡಿದೆ. ಸುತ್ತ ಎಲ್ಲ ಇಂಜಿನಿಯರಿಂಗ್ ಹುಡುಗ ಹುಡುಗಿಯರು. ಕೈ ತಣ್ಣಗಾಗಿತ್ತು. ಪ್ರಶ್ನೆಗಳಲ್ಲಿ ಹೆಚ್ಚಿನವು ‘ಈ ಪ್ರೋಗ್ರಾಂ ಏನು ಮುದ್ರಿಸುತ್ತದೆ’ ಅನ್ನುವಂಥವು. ಐದನೇ ಪ್ರಶ್ನೆಯಲ್ಲಿ ಒಂದು ಸ್ಟ್ಯಾಟಿಕ್ ವೇರಿಯಬಲ್, ಮೂರು ಆಬ್ಜೆಕ್ಟ್. ರಫ್ ಹಾಳೆಯಲ್ಲಿ ಮೂರು ಕಾರ್ಡು, ಮೇಲೊಂದು ಬೋರ್ಡು ಬರೆದೆ. ಉತ್ತರ ಕಂಡಿತು. ಅಲ್ಲಿಂದ ಕೈ ಬೆಚ್ಚಗಾಯಿತು. ಎಕ್ಸೆಪ್ಶನ್ ಮತ್ತು ಥ್ರೆಡ್ ಪ್ರಶ್ನೆಗಳಲ್ಲಿ ಅಂಕ ಹೋಯಿತು, ಆ ಪಾಠಗಳ ವಿಡಿಯೋಗಳನ್ನು ನಾನು ಅವಸರದಲ್ಲಿ ಮುಂದಕ್ಕೆ ಓಡಿಸಿಕೊಂಡು ನೋಡಿದ್ದೆ.

ಫಲಿತಾಂಶಕ್ಕೆ ಒಂದು ತಿಂಗಳ ಮೇಲೆ ಕಾದೆ. ದಿನಾ ಎರಡು ಸಲ ಮೇಲ್ ನೋಡುತ್ತಿದ್ದೆ.

ಖರ್ಚು ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್ 16,500. ಕಳೆದುಕೊಂಡ ಅಡ್ವಾನ್ಸ್ 5,000. ಪರೀಕ್ಷೆ 1,000. ನಾಲ್ಕು ತಿಂಗಳ ಹೆಚ್ಚುವರಿ ಡೇಟಾ 1,200. ಓಡಾಟ 600. ಒಟ್ಟು 24,300. ಮನೆಯಲ್ಲಿ ಕಂಪ್ಯೂಟರ್ ಇದ್ದು, ನನ್ನ ಹಾಗೆ ಅವಸರ ಮಾಡದಿದ್ದರೆ ನಿಮಗೆ 3,000ದೊಳಗೆ ಆಗುತ್ತದೆ. ಕೆಲಸ ಇನ್ನೂ ಸಿಕ್ಕಿಲ್ಲ. ಇದೊಂದು ಪ್ರಮಾಣಪತ್ರದಿಂದ ಸಿಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಮುಂದೆ ಡೇಟಾಬೇಸ್ ಕಲಿಯಬೇಕು ಅಂತ ತಮ್ಮ ಹೇಳಿದ್ದಾನೆ.

ಭಾನುವಾರ ಅಪ್ಪನ ಹದಿನೈದು ದಿನದ ಬಟವಾಡೆಯನ್ನು ನನ್ನ ಪ್ರೋಗ್ರಾಂಗೆ ಹಾಕಿದೆ. ಮೂವತ್ತು ಸಲದ ಹಾಲು, ಒಂದೊಂದಕ್ಕೂ ಲೀಟರ್, ಫ್ಯಾಟ್, ದರ. ಸರ್ಕಾರದ ಪ್ರೋತ್ಸಾಹಧನ ಲೀಟರ್‌ಗೆ 5 ರೂಪಾಯಿ ಬೇರೆಯಾಗಿ ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಕಾರ್ಡಿನ ಮೇಲೆ ಬೆರಳಿಟ್ಟು, ಪರದೆ ನೋಡುತ್ತಾ ಒಂದೊಂದೇ ಸಾಲು ತಾಳೆ ಹಾಕಿದರು. ಪೈಸೆ ಸಮೇತ ಸರಿಹೋಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಮ್ಮೆ ಹಾಲಿನ ರೇಟೇ ಬೇರೆ ಅಲ್ವೇನಮ್ಮಾ, ಅದನ್ನೂ ಇದರಲ್ಲಿ ಸೇರಿಸೋಕಾಗುತ್ತಾ?” ಅಂದರು.

ಆಗುತ್ತದೆ ಅಂದೆ. ಹಾಲಿನ ಕಾರ್ಡು ಅನ್ನುವ ಮೂಲ ಕ್ಲಾಸಿನಿಂದ ಹಸುವಿನ ಕಾರ್ಡು, ಎಮ್ಮೆಯ ಕಾರ್ಡು ಅಂತ ಎರಡು ಮಾಡುತ್ತಿದ್ದೇನೆ. ‘ಬಿಲ್ ಎಷ್ಟು?’ ಅಂತ ಎರಡನ್ನೂ ಒಂದೇ ರೀತಿ ಕೇಳುತ್ತೇನೆ, ಅವು ತಮ್ಮ ತಮ್ಮ ಲೆಕ್ಕದಲ್ಲಿ ಉತ್ತರ ಕೊಡುತ್ತವೆ. ಪಾಲಿಮಾರ್ಫಿಸಂ ಅನ್ನುವ ಆ ದೊಡ್ಡ ಹೆಸರಿನ ಪಾಠವನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಈಗ ಬರೆಯುತ್ತಿದ್ದೇನೆ. ಹಸುವಿನದು ಮುಗಿದಿದೆ, ಎಮ್ಮೆಯದು ಇವತ್ತು ರಾತ್ರಿಗೆ.